‘ಡಲ್’ ಪದಕ್ಕೆ ಆರು ವಾಕ್ಯ

ಹಾಂಗ್‌ಝೌ, ೧೯೮೫ ಮಾರ್ಚ್ ೯

ಮೂರಣ್ಣನಿಗೆ,

ನ್ಯಾಯಾಧೀಶರ ಮುಂದೆ ನಿಂತ ಅಪರಾಧಿಯಂತೆ ತಲೆ ಬಗ್ಗಿಸಿ, ಎರಡೂ ಕೈ ಕಟ್ಟಿಕೊಂಡು ಈ ತಪ್ಪೊಪ್ಪಿಗೆ ಬರೆಯುತ್ತಿದ್ದೇನೆ. ಕೈ ಕಟ್ಟಿಕೊಂಡರೆ ಬರೆಯುವುದು ಹೇಗೆ ಎಂದು ಕೇಳಬೇಡ. ನೀನು ಯಾವಾಗಲೂ ಇಂಥದ್ದನ್ನೇ ಕೇಳುತ್ತೀಯ. ನಾನು ಕಳ್ಳತನ ಮಾಡಿದ್ದೇನೆ. ಕದ್ದದ್ದು ಹಣವಲ್ಲ, ಅಕ್ಕಿ ಕೂಪನ್ನಲ್ಲ, ಪಕ್ಕದ ಮನೆಯ ಕೋಳಿಯೂ ಅಲ್ಲ. ಒಬ್ಬ ಮನುಷ್ಯನನ್ನು ಕೋಟು, ಕೊಡೆ ಸಮೇತ ಕದ್ದು ಪುಸ್ತಕದಲ್ಲಿ ಬಚ್ಚಿಟ್ಟಿದ್ದೇನೆ. ಆ ಮನುಷ್ಯ ನೀನು.

ವಿಷಯ ಇಷ್ಟು. ನಮ್ಮ ಪ್ರಕಾಶನದ ನಿಘಂಟು ಕೋಣೆಗೆ ಹೊಸ ಕೆಲಸ ಬಂದಿದೆ. ಪ್ರಾಂತ್ಯದ ಎಲ್ಲ ಶಾಲೆಗಳಿಗೂ ‘ಬೆಳಗಿನ ಓದಿಗೆ ನೂರು ಗುಣವಾಚಕಗಳು’ ಎಂಬ ಪುಸ್ತಿಕೆ. ಇಂಗ್ಲಿಷಿನ ಒಂದೊಂದು ಪದ, ಅದರ ಅಷ್ಟೂ ಅರ್ಥ, ಅರ್ಥಕ್ಕೊಂದು ವಾಕ್ಯ. ಮಕ್ಕಳು ಬೆಳಗ್ಗೆ ಎದ್ದು ಗಂಟಲು ಹರಿದುಕೊಂಡು ಉರು ಹೊಡೆಯಬೇಕು. ನನ್ನ ಪಾಲಿಗೆ ಬಂದದ್ದು ‘ಡಲ್’. ಇಂಗ್ಲಿಷರ ಜಿಪುಣತನ ನೋಡು! ನಾವು ಚಾಕುವಿಗೆ ಒಂದು, ಬಣ್ಣಕ್ಕೆ ಒಂದು, ಆಕಾಶಕ್ಕೆ ಒಂದು, ಮನುಷ್ಯನಿಗೆ ಒಂದು ಎಂದು ಬೇರೆ ಬೇರೆ ಮಾತು ಹೊಲಿಸಿಟ್ಟಿದ್ದೇವೆ. ಅವರು ಒಂದೇ ಅಂಗಿಯನ್ನು ಆರು ಮಂದಿಗೆ ತೊಡಿಸಿ ಬೀದಿಗೆ ಬಿಡುತ್ತಾರೆ. ನಮ್ಮ ಮಕ್ಕಳು ಪಾಪ, ‘ಡಲ್ ಚಾಕು’ ಎಂದರೆ ‘ಬುದ್ಧಿಯಿಲ್ಲದ ಚಾಕು’ ಎಂದು ಬರೆದು ಬರುತ್ತಾರೆ.

ಉಳಿದ ಸಂಪಾದಕರು ವಾಂಗನ ಚಾಕು, ಲಿಯ ಕೋಟು, ಝಾಂಗನ ಹೊಟ್ಟೆನೋವು ಎಂದು ಸಂತೆ ಕೂಡಿಸುತ್ತಾರೆ. ನಾನು ಆರೂ ಅರ್ಥಕ್ಕೆ ಒಬ್ಬನನ್ನೇ ನಿಲ್ಲಿಸಿದೆ. ಮನುಷ್ಯ ನೆನಪಿದ್ದರೆ ಅರ್ಥ ತಾನೇ ನೆನಪಿರುತ್ತದೆ. ಕೇಳು:

ಮಿಸ್ಟರ್ ಬಿಯಾನ್ ಅವರ ಚಾಕು ಡಲ್. ಅವರು ಮೂಲಂಗಿಯ ಕ್ಷಮೆ ಕೇಳಿ ಹೆಚ್ಚುತ್ತಾರೆ.
ಮಿಸ್ಟರ್ ಬಿಯಾನ್ ಅವರ ಕೋಟು ಡಲ್ ನೀಲಿ; ಒಗೆದರೂ ಗೊತ್ತಾಗುವುದಿಲ್ಲ, ಒಗೆಯದಿದ್ದರೂ ಗೊತ್ತಾಗುವುದಿಲ್ಲ.
ದಿನ ಡಲ್ ಆಗಿದೆ. ಮಿಸ್ಟರ್ ಬಿಯಾನ್ ಕೊಡೆ ತಂದಿದ್ದಾರೆ, ಆದ್ದರಿಂದ ಮಳೆ ಬರುವುದಿಲ್ಲ.
ಮಿಸ್ಟರ್ ಬಿಯಾನ್ ಡಲ್ ವಿದ್ಯಾರ್ಥಿಯಾಗಿದ್ದರು. ಸೋಮವಾರದ ತಮಾಷೆಗೆ ಗುರುವಾರ ನಗುತ್ತಿದ್ದರು.
ಮಿಸ್ಟರ್ ಬಿಯಾನ್ ಅವರ ಪಾಠ ಡಲ್. ಕಿಟಕಿಯ ನೊಣ ಕೂಡ ನಿದ್ದೆ ಹೋಗುತ್ತದೆ.
ಮಿಸ್ಟರ್ ಬಿಯಾನ್ ಅವರಿಗೆ ಪಕ್ಕೆಯ ಕೆಳಗೆ ಡಲ್ ನೋವು. ಬಿಸಿನೀರಿನ ಬಾಟಲಿ ಕೊಟ್ಟು ಅದನ್ನು ಸಮಾಧಾನ ಮಾಡುತ್ತಾರೆ.

ನಮ್ಮ ನಿರ್ದೇಶಕ ಶೆಂಗ್ ಓದಿದರು. “ಯಾರಯ್ಯಾ ಈ ಬಿಯಾನ್?”

“ಯಾರೂ ಅಲ್ಲ ಸರ್. ಕಲ್ಪನೆ.”

“ಕಲ್ಪನೆಗೆ ಪಕ್ಕೆ ನೋಯುತ್ತೇನಯ್ಯಾ?”

“ಇಂಗ್ಲಿಷಿನಲ್ಲಿ ನೋಯುತ್ತೆ ಸರ್.”

ಮುದುಕ ನಕ್ಕ ನಗೆಗೆ ಚಹಾ ಮೂಗಿನಿಂದ ಬಂತು. ಉಳಿದವರು ಒಂದು ಪದಕ್ಕೆ ಒಂದು ವಾರ ತಿಣುಕುತ್ತಾರೆ. ನಾನು ಲೋಟದ ಚಹಾ ಆರುವ ಮೊದಲೇ ಆರೂ ಮುಗಿಸಿದೆ, ಸ್ವಂತ ತಲೆಯಿಂದ. ವಾಕ್ಯಕ್ಕೆ ಬರ ಎಂಬುದು ಈ ಲೌ ಜಿಂಗ್ಯಾವ್‌ನ ಜಾತಕದಲ್ಲೇ ಇಲ್ಲ. ಗುಣವಾಚಕ ಅಂದರೆ ಇನ್ನೇನು? ಗುಣ ನಿನ್ನದು, ವಾಚಕ ನಾನು.

ಕಾಲೇಜು ಹಾಸ್ಟೆಲಿನ ನಮ್ಮ ಕೋಣೆಯಲ್ಲಿ ವಯಸ್ಸಿನ ಲೆಕ್ಕಕ್ಕೆ ನೀನು ಮೂರನೆಯವ, ನಾನು ಏಳನೆಯ ಕೊನೆಯ ಕೂಸು. ಕೊನೆಯ ಕೂಸಿಗೆ ಎಲ್ಲ ಮಾಫಿ. ಪತ್ರ ಬರೆಯುತ್ತಿರು, ವಿವರವಾಗಿ ಬರೆ. ಒಲೆ, ಬಸ್ಸು, ಹೆಡ್‌ಮಾಸ್ಟರು, ಎಲ್ಲ ಬೇಕು.

ಏಳನೆಯವ


ಯುನ್‌ಕೆಂಗ್, ೧೯೮೫ ಮಾರ್ಚ್ ೨೮

ಏಳನೆಯವನಿಗೆ,

ಗುಡ್ಡ ಕುಸಿದು ಬಸ್ಸು ನಿಂತಿತ್ತು. ನಿನ್ನ ಪತ್ರ ಕೊನೆಗೆ ಒಂದು ಬುಟ್ಟಿ ಬಾತುಕೋಳಿಗಳ ಜೊತೆ ಟ್ರಾಕ್ಟರಿನಲ್ಲಿ ಬಂತು. ಬಾತುಗಳು ಅದರ ಅಂಚು ತಿಂದಿವೆ. ಅವಕ್ಕೂ ಓದುವ ಚಟ ಇರಬೇಕು.

ಆರೂ ವಾಕ್ಯ ಓದಿದೆ. ವ್ಯಾಕರಣ ಸರಿಯಾಗಿದೆ. ನೊಣದ ಸಂಗತಿ, ಗುರುವಾರ ನಗುವ ಸಂಗತಿ ನಾನೇ ಯಾವಾಗಲೋ ನಿನಗೆ ಬರೆದಿದ್ದ ನೆನಪು. ಇರಲಿ, ಇಂಗ್ಲಿಷಿನಲ್ಲಿ ಚೆನ್ನಾಗಿ ಕೂತಿವೆ.

ಒಂದು ಕೋರಿಕೆ ಇದೆ. ಹೆಸರು ಬದಲಿಸು. ನಮ್ಮ ದೇಶದಲ್ಲಿ ಮನೆಹೆಸರುಗಳಿಗೆ ಬರವಿಲ್ಲ. ಬಿಯಾನ್ ಎಂಬುವರು ಈ ಜಿಲ್ಲೆಗೆ ನಾನೊಬ್ಬನೇ, ಅದೇ ತೊಂದರೆ.

ಕಾರಣ ಹೇಳುತ್ತೇನೆ. ಹಾಂಗ್‌ಝೌನ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ಇಂಗ್ಲಿಷಿನ ಜಾಗ ಖಾಲಿಯಾಗಿದೆ. ನನ್ನ ಅರ್ಜಿ ಈ ಸಲ ನಿಜವಾಗಿಯೂ ಮೇಜಿನಿಂದ ಮೇಜಿಗೆ ಚಲಿಸುತ್ತಿದೆ. ಶರತ್ಕಾಲದಲ್ಲಿ ಅವರು ಇಲ್ಲಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಪಾಠ ಕೇಳುತ್ತಾರೆ. ಒಪ್ಪಿಗೆಯಾದರೆ ವರ್ಗ. ಲಾನ್‌ಫೆನ್ ಅಲ್ಲಿ ರೇಷ್ಮೆ ಗಿರಣಿಯಲ್ಲಿ, ನಾನು ಈ ಬೆಟ್ಟದಲ್ಲಿ; ಮದುವೆಯಾಗಿ ಏಳು ವರ್ಷವಾದರೂ ನಾವಿಬ್ಬರೂ ವಸಂತ ಹಬ್ಬದ ರಜೆಯ ಗಂಡಹೆಂಡಿರು. ಈ ಸಲ ಹಬ್ಬಕ್ಕೆ ಹೋದಾಗ ಮಗಳು ಸುಯಿಸುಯಿ ಬಾಗಿಲ ಸಂದಿಯಿಂದ ನೋಡಿ, “ಅಮ್ಮ ಮನೇಲಿಲ್ಲ ಅಂಕಲ್, ಆಮೇಲೆ ಬನ್ನಿ” ಎಂದಳು. “ಆಗಲಮ್ಮ” ಎಂದು ಮೆಟ್ಟಿಲ ಮೇಲೆ ಕುಳಿತೆ. ಅಪರಿಚಿತರಿಗೆ ಬಾಗಿಲು ತೆರೆಯಬಾರದೆಂದು ಕಲಿಸಿದವನು ನಾನೇ, ಪತ್ರದಲ್ಲಿ.

ಪಕ್ಕೆಯ ಕೆಳಗಿನ ಬಾಡಿಗೆದಾರ ಇನ್ನೂ ಖಾಲಿ ಮಾಡಿಲ್ಲ. ಗಲಾಟೆಯಿಲ್ಲ, ಆದರೆ ಮನೆ ಬಿಟ್ಟು ಹೊರಗೆ ಹೋಗುವುದೂ ಇಲ್ಲ.

ಹೆಸರು ಮರೆಯಬೇಡ.

ಶೌರೆನ್


ಹಾಂಗ್‌ಝೌ, ೧೯೮೫ ಏಪ್ರಿಲ್ ೨೦

ಮೂರಣ್ಣನಿಗೆ,

ಅಯ್ಯೋ, ತಡವಾಯಿತು! ಅಚ್ಚುಮೊಳೆ ಜೋಡಿಸಿ ಆಗಿದೆ. ಸೀಸಕ್ಕೆ ಕಿವಿಯಿಲ್ಲ ಅಣ್ಣ. ಬೇರೆ ಆರು ವಾಕ್ಯ ಬರೆಯಲು ನನಗೇನು ಕಷ್ಟ? ಇನ್ನೊಂದು ಲೋಟ ಚಹಾ, ಅಷ್ಟೆ. ಆದರೆ ಅಚ್ಚುಕೂಟದ ಫೋರ್‌ಮನ್ ಕೆಂಪು ಮೂತಿ ಮಾಡಿಕೊಂಡು, “ಒಂದಕ್ಷರ ಕಿತ್ರೆ ಪುಟ ಪೂರ್ತಿ ಉದುರುತ್ತೆ, ನೀವೇ ಬಂದು ಆರಿಸ್ಕೊಳ್ಳಿ” ಎಂದ. ನೀನು ಸುಮ್ಮನೆ ಹೆದರುತ್ತೀಯ. ಯಾರು ಗಮನಿಸುತ್ತಾರೆ? ಚಾಕು ಮೊಂಡು, ನೀನು ಮೊಂಡ. ಎರಡಕ್ಕೂ ಮಸೆಯುವ ಕಲ್ಲು ಒಂದೇ, ನಗು.

ನಿನ್ನ ಸಂಸಾರವನ್ನು ನೋಡಿಕೊಂಡು ಬಂದೆ. ಎಳ್ಳಿನ ಮಿಠಾಯಿ ಒಯ್ದಿದ್ದೆ. ಸುಯಿಸುಯಿ ಎಂಥ ಚುರುಕು ಅಂತೀಯ! ಅರ್ಧ ಗಂಟೆಯಲ್ಲಿ ಮೂರು ವಾಕ್ಯ ಬಾಯಿಪಾಠ.

“ಮಿಸ್ಟರ್ ಬಿಯಾನ್ ಅವರ ಕೋಟು...?”

“ಡಲ್ ನೀಲಿ!”

“ಶಭಾಷ್! ತಗೋ ಮಿಠಾಯಿ.”

“ಅಂಕಲ್, ನಾನೂ ಬಿಯಾನೇ ಅಲ್ವಾ? ನಾನೂ ಡಲ್ಲಾ?”

ಲಾನ್‌ಫೆನ್ ಒಲೆಯ ಮುಂದಿನಿಂದ ತಿರುಗದೆ ಹೇಳಿದಳು: “ಅದು ನಿಮ್ಮಪ್ಪ ಕಣೇ.”

ಮಗು ಮಿಠಾಯಿ ಚೀಪುತ್ತ ಯೋಚಿಸಿತು. “ಓ, ಆ ಅಂಕಲ್ಲಾ!”

ನಕ್ಕು ನಕ್ಕು ನನಗೆ ಕೆಮ್ಮು ಬಂತು. ನಿನ್ನ ಹೆಂಡತಿ ನಗಲಿಲ್ಲ. ಒಂದು ಸೋರೆಕಾಯಿ ತಂದು ನನ್ನ ಮುಂದೆ ಇಟ್ಟಳು. “ನಿಮ್ಮ ನಾಲಿಗೆ ಬಹಳ ಹರಿತ ಲೌ ಅವರೇ. ಇದನ್ನ ಹೆಚ್ಚಿಕೊಡಿ ನೋಡೋಣ.” ಗಿರಣಿಯ ಹೆಂಗಸರಿಗೆ ಹಾಸ್ಯಪ್ರಜ್ಞೆ ಕಮ್ಮಿ, ದಿನವೆಲ್ಲ ಯಂತ್ರದ ಸದ್ದು ಕೇಳುತ್ತಾರಲ್ಲ.

ಬಾತುಕೋಳಿಗಳ ಸುದ್ದಿಯನ್ನು ಕೋಣೆಯಲ್ಲೆಲ್ಲ ಹೇಳಿದೆ. ಇನ್ನೂ ಬರೆ, ಇನ್ನೂ.

ಏಳನೆಯವ


ಯುನ್‌ಕೆಂಗ್, ೧೯೮೫ ಸೆಪ್ಟೆಂಬರ್ ೧೫

ಏಳನೆಯವನಿಗೆ,

ಪುಸ್ತಿಕೆ ಬಂತು. ತಲೆಗೊಂದು ಪ್ರತಿ. ಜಿಲ್ಲಾ ಪರೀಕ್ಷೆಯ ಪ್ರಶ್ನೆಗಳು ಇದರಿಂದಲೇ ಎಂದು ಸುತ್ತೋಲೆಯೂ ಬಂತು.

ಶಾಲೆಯ ಬೆಳಗಿನ ಓದು ಹೇಗೆಂದು ನಿನಗೆ ಮರೆತಿರಬಹುದು. ಮಂಜು ಇನ್ನೂ ಕರಗಿರುವುದಿಲ್ಲ. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು, ಪುಸ್ತಕವನ್ನು ಮೂಗಿನ ಮಟ್ಟಕ್ಕೆ ಹಿಡಿದು ಕೂಗುತ್ತಾರೆ. ಒಂದು ಸಾಲು ನಾನು ಹೇಳಿಕೊಡಬೇಕು, ಅವರು ಮೂರು ಸಲ ಹೇಳಬೇಕು. ಎದುರಿನ ಬೆಟ್ಟ ನಾಲ್ಕನೆಯ ಸಲ ಹೇಳುತ್ತದೆ. ಅಂದರೆ ನನ್ನ ಕೋಟಿನ ಬಣ್ಣ ಈಗ ಬೆಟ್ಟಕ್ಕೂ ಗೊತ್ತು.

ಭೌತಶಾಸ್ತ್ರದ ಗಾನ್ ಮೇಷ್ಟ್ರು ಸಿಟ್ಟಾದರು. “ಆ ಪುಟ ಹರಿದು ಒಲೆಗೆ ಹಾಕೋ ಮಾರಾಯ.”

“ಆ ಪುಟದಲ್ಲಿ ಎರಡು ಅಂಕ ಇದೆ.”

“ನಿನ್ನ ಮಾನ?”

“ಅದು ಪರೀಕ್ಷೆಗಿಲ್ಲ.”

ಇಲ್ಲಿಯ ಮಕ್ಕಳಿಗೆ ಎರಡು ಅಂಕ ಎಂದರೆ ಕಾಲೇಜಿಗೂ ಗೆಣಸಿನ ಹೊಲಕ್ಕೂ ನಡುವಿನ ಬೇಲಿ. ನನ್ನ ಹೆಸರಿದೆ ಎಂದು ಪುಟ ಬಿಡಲು ಬರುವುದಿಲ್ಲ. ಹೇಳಿಕೊಟ್ಟೆ. ಮೊದಲ ದಿನ ಅವರು ನಗು ತಡೆಯಲು ಕೆನ್ನೆ ಕಚ್ಚಿಕೊಂಡರು, ಎರಡನೆಯ ದಿನ ನಕ್ಕರು, ಆಮೇಲೆ ಅದು ಬರಿಯ ಪಾಠವಾಯಿತು. ಅಡುಗೆಯ ಮುದುಕ ಮಾತ್ರ ಬಿಡುವುದಿಲ್ಲ: “ಮಿಸ್ಟರ್ ಬಿಯಾನ್, ಇವತ್ತು ಗಂಜಿ ಡಲ್ ಆಗಿದೆ, ಉಪ್ಪಿನಕಾಯಿ ಹಾಕ್ಲಾ?” ಸಪ್ಪೆಗೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ ಎಂದು ತಿದ್ದಿದೆ. ನಿನ್ನ ವಿಧಾನ ಸರಿಯಾಗಿಯೇ ಇದೆ. ನೂರು ಪದಗಳಲ್ಲಿ ಇದೊಂದನ್ನು ಯಾರೂ ಮರೆಯುವುದಿಲ್ಲ.

ನನ್ನ ಪಾಠ ನೋಡಲು ನವೆಂಬರ್ ಹದಿನಾಲ್ಕಕ್ಕೆ ಬರುತ್ತಾರೆ. ಹೆಡ್‌ಮಾಸ್ಟರು ಎಲ್ಲ ಶಾಲೆಗಳಲ್ಲೂ ನಡೆಯುವ ಆ ಹಳೆಯ ಉಪಾಯ ಹೇಳಿಕೊಡು ಎಂದು ಹಟ ಹಿಡಿದಿದ್ದಾರೆ: ಅಧಿಕಾರಿಗಳ ಮುಂದೆ ಪ್ರಶ್ನೆ ಕೇಳಿದರೆ ಇಡೀ ತರಗತಿ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮೇಷ್ಟ್ರು ಬಲಗೈಯನ್ನೇ ಎಬ್ಬಿಸಬೇಕು. ನನಗೆ ಮನಸ್ಸಿರಲಿಲ್ಲ. ಅವರು, “ನಿನಗೆ ಹೆಂಡ್ತಿ ಮಗು ಬೇಕೋ, ಸತ್ಯ ಬೇಕೋ?” ಎಂದರು. ಹೇಳಿಕೊಟ್ಟೆ.

ಪ್ರಕಾಶನದಿಂದಲೂ ಒಬ್ಬರು ಬರಬಹುದಂತೆ. ನೀನು ಬಾ. ಹಿಂದಿನ ಬೆಂಚಿನಲ್ಲಿ ಒಂದು ಪರಿಚಿತ ಮುಖ ಇದ್ದರೆ ನನಗೆ ಧೈರ್ಯ. ಯಾರಾದರೂ ಆ ಹೆಸರಿನ ಬಗ್ಗೆ ಕೇಳಿದರೆ, ಇದು ಗೆಳೆಯರ ತಮಾಷೆ ಎಂದು ಎದ್ದು ನಿಂತು ಒಂದು ಮಾತು ಹೇಳು, ಸಾಕು.

ಶೌರೆನ್


ಹಾಂಗ್‌ಝೌ, ೧೯೮೫ ಅಕ್ಟೋಬರ್ ೬

ಮೂರಣ್ಣನಿಗೆ,

ಬರುತ್ತೇನೆ, ಬರುತ್ತೇನೆ! ಬರದಿದ್ದರೆ ಈ ನಾಲಿಗೆಯಿಂದಲೇ ಸೋರೆಕಾಯಿ ಹೆಚ್ಚುತ್ತೇನೆ. ಎಡಗೈ ಬಲಗೈ ಉಪಾಯ ಓದಿ ಹೊಟ್ಟೆ ಹಿಡಿದುಕೊಂಡೆ. ಇಂಥದ್ದು ಇನ್ನೇನೇನಿದೆ ನಿನ್ನ ಬೆಟ್ಟದಲ್ಲಿ? ಕುರ್ಚಿ ಹಿಡಿದಿಡು, ಮೆತ್ತನೆಯದಿರಲಿ.

ಏಳನೆಯವ


ಯುನ್‌ಕೆಂಗ್, ೧೯೮೫ ನವೆಂಬರ್ ೧೭

ಏಳನೆಯವನಿಗೆ,

ಪಾಠ ಆಯಿತು. ವಿವರ ಬೇಕು ಎಂದು ಯಾವಾಗಲೂ ಹೇಳುತ್ತೀಯಲ್ಲ, ಬರೆಯುತ್ತೇನೆ.

ಹಾಂಗ್‌ಝೌನ ತರಬೇತಿ ಶಾಲೆಯಿಂದ ಹೌ ಮೇಡಂ ಎಂಬವರು ಬಂದಿದ್ದರು, ದಪ್ಪ ಕನ್ನಡಕ, ಕಡಿಮೆ ಮಾತು. ಜಿಲ್ಲೆಯ ಅಧಿಕಾರಿಗಳು ಒಂದು ಸಾಲು. ಪ್ರಕಾಶನದವರಿಗೆಂದು ಇಟ್ಟ ಕುರ್ಚಿ ಖಾಲಿ ಇತ್ತು. ಹೆಡ್‌ಮಾಸ್ಟರು ತಮ್ಮ ಮನೆಯ ದಿಂಬನ್ನೇ ಅದರ ಮೇಲೆ ಹಾಕಿಸಿದ್ದರು.

ಪಾಠ ಸರಿಯಾಗಿಯೇ ನಡೆಯಿತು. ಮುಗಿಯುವ ಹೊತ್ತಿಗೆ ಹೌ ಮೇಡಂ ಎದ್ದರು. “ನಾನೊಂದು ಕೇಳ್ಬಹುದಾ ಮೇಷ್ಟ್ರೇ?” ಎನ್ನುತ್ತ ಹತ್ತಿರದ ಡೆಸ್ಕಿನ ಪುಸ್ತಿಕೆ ಕೈಗೆತ್ತಿಕೊಂಡರು. ಪುಸ್ತಿಕೆಗಳು ಎಲ್ಲಿ ಹೆಚ್ಚು ಬೆರಳು ಸೋಕಿರುತ್ತದೋ ಅಲ್ಲೇ ಬಿಚ್ಚಿಕೊಳ್ಳುತ್ತವೆ. “ಡಲ್. ಯಾರು ವಾಕ್ಯ ಹೇಳ್ತೀರಿ?”

ಎಲ್ಲ ಕೈಗಳೂ ಎದ್ದವು. ಎಲ್ಲವೂ ಬಲಗೈ, ಒಂದನ್ನು ಬಿಟ್ಟು. ಗೆಣಸು ಕೀಳುವ ಕೆಲಸಕ್ಕೆ ತಿಂಗಳು ಪೂರ್ತಿ ಮನೆಯಲ್ಲಿ ಉಳಿದಿದ್ದ ಲೇ ಚಿಯುಯಿಂಗ್ ಎಡಗೈ ಎತ್ತಿದ್ದಳು. ಅಷ್ಟು ಕೈಗಳ ನಡುವೆ ಬೇರೆಯಾಗಿ ಕಂಡದ್ದು ಅದೇ. “ನೀನು ಹೇಳಮ್ಮ,” ಎಂದರು ಮೇಡಂ.

ಹುಡುಗಿ ನಿಂತಳು. ಕೈ ಇಳಿಸುವುದನ್ನೂ ಮರೆತು ನಿಂತಳು.

ಬೆಳಗಿನ ಓದಿನಲ್ಲಿ ಒಬ್ಬರು ತಡವರಿಸಿದರೆ ಉಳಿದವರು ಎತ್ತಿಕೊಳ್ಳಬೇಕೆಂದು ಅಭ್ಯಾಸ ಮಾಡಿಸಿದವನು ನಾನು. ಮಕ್ಕಳು ಎತ್ತಿಕೊಂಡರು. ಗಲ್ಲ ಮೇಲೆ ಮಾಡಿ, ಒಂದೇ ದನಿಯಲ್ಲಿ, ಚಾಕುವಿನಿಂದ ಬಿಸಿನೀರಿನ ಬಾಟಲಿಯವರೆಗೆ ಆರೂ. ಒಂದಕ್ಷರ ತಪ್ಪಲಿಲ್ಲ. ಅಧಿಕಾರಿಗಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ‘ಬಿಯಾನ್, ಬಿಯಾನ್’ ಎಂಬುದು ಎಲ್ಲರಿಗೂ ತಿಳಿಯಿತು. ಮೇಡಂ ಕೈಯಲ್ಲಿದ್ದ ಕಾಗದ ನೋಡಿದರು. “ನಿಮ್ಮ ಹೆಸರು...?”

“ಬಿಯಾನ್.”

“ಇದನ್ನ ನೀವೇ ಕಲಿಸಿದ್ರಾ?”

“ಹೌದು. ಪುಸ್ತಕದಲ್ಲಿದೆ.”

ಯಾರೋ ನಗಲು ಶುರು ಮಾಡಿದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಏನೋ ಬರೆದುಕೊಂಡರು. ಏನೆಂದು ನನಗೆ ತಿಳಿಯದು.

ಆಮೇಲೆ ಚಿಯುಯಿಂಗ್ ಅಳುತ್ತ ಬಂದಳು. “ನಂದೇ ತಪ್ಪು ಮೇಷ್ಟ್ರೇ.” ನಾನು, “ನೀನು ಸರಿಯಾದ ಕೈಯನ್ನೇ ಎತ್ತಿದೆ. ನಿಜ ಹೇಳಿದ ಕೈ ಅದೊಂದೇ” ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ, ಗೆಣಸು ಕೊಟ್ಟು ಹೋದಳು.

ಹೆಡ್‌ಮಾಸ್ಟರ ದಿಂಬನ್ನು ಹಿಂದಿರುಗಿಸಿದ್ದೇನೆ. ನಿನಗೆ ಅಂದು ಏನು ಅಡ್ಡಿಯಾಯಿತು?

ಶೌರೆನ್


ಹಾಂಗ್‌ಝೌ, ೧೯೮೫ ನವೆಂಬರ್ ೩೦

ಮೂರಣ್ಣನಿಗೆ,

ನೀನು ಬದುಕಿಡೀ ಬರೆದ ಪತ್ರಗಳಲ್ಲಿ ಇದು ಮುಕುಟಮಣಿ! ಕೋಣೆಯಲ್ಲಿ ಎದ್ದು ನಿಂತು ಓದಿದೆ. ‘ಚಾಕುವಿನಿಂದ ಬಿಸಿನೀರಿನ ಬಾಟಲಿಯವರೆಗೆ’ ಎಂಬಲ್ಲಿಗೆ ಬಂದಾಗ ಶೆಂಗ್ ಸರ್ ಮೇಜು ಗುದ್ದಿ ಗುದ್ದಿ ಚಹಾ ಚೆಲ್ಲಿದರು. “ಇದನ್ನ ಇಲ್ಲೇ ಕೊಳೆಯೋಕೆ ಬಿಡಬೇಡ್ರಯ್ಯಾ!” ಎಂದರು. ಬಿಡಲಿಲ್ಲ. ಒಂದೇ ಸಂಜೆಯಲ್ಲಿ ತಿದ್ದಿ ತೀಡಿ ಇಲ್ಲಿಯ ಸಂಜೆಪತ್ರಿಕೆಗೆ ಕೊಟ್ಟೆ. ‘ಎಡಗೈಯ ಪ್ರಾಮಾಣಿಕತೆ’ ಎಂದು ಶೀರ್ಷಿಕೆ, ಲೌ ಜಿಂಗ್ಯಾವ್ ಎಂದು ದಪ್ಪಕ್ಷರದಲ್ಲಿ. ಊರಿನ ಹೆಸರು ಹಾಕಿಲ್ಲ, ಹೆದರಬೇಡ. ‘ದಕ್ಷಿಣದ ಬೆಟ್ಟದ ಒಂದು ಶ್ರೀಮಂತ ಮಂಜಿನ ಬಡ ಶಾಲೆ’ ಎಂದಷ್ಟೇ. ಬಸ್ಸಿನಲ್ಲಿ ಇಬ್ಬರು ಗಟ್ಟಿಯಾಗಿ ಓದಿ ನಗುತ್ತಿದ್ದುದನ್ನು ಕಣ್ಣಾರೆ ಕಂಡೆ. ಮೂರು ನಿಲ್ದಾಣ ಹೆಚ್ಚಿಗೆ ಹೋದೆ, ಕೇಳುವ ಆಸೆಗೆ.

ಹದಿನಾಲ್ಕಕ್ಕೆ ಬರಬೇಕೆಂದೇ ಇದ್ದೆ. ಅಂದೇ ನನಗೆ ಮಾದರಿ ಸಂಪಾದಕ ಎಂಬ ಬಹುಮಾನ. ಕೊಡುವವರು ಕೊಡುವಾಗ ತೆಗೆದುಕೊಳ್ಳುವವನು ಇರಬೇಕಲ್ಲ. ಇಷ್ಟಕ್ಕೂ ನಾನಿಲ್ಲದೆ ಏನು ಕೆಟ್ಟಿತು? ಮಕ್ಕಳು ಒಂದಕ್ಷರ ತಪ್ಪಲಿಲ್ಲ, ಮೇಡಂ ಬರೆದುಕೊಂಡರು. ನೀನು ಪಾಸು! ಈ ವಸಂತ ಹಬ್ಬಕ್ಕೆ ಗಂಟುಮೂಟೆ ಕಟ್ಟಿಕೊಂಡೇ ಬಾ. ನಿನ್ನನ್ನು ಹಾಂಗ್‌ಝೌಗೆ ತಂದದ್ದು ನನ್ನ ಆರು ವಾಕ್ಯ ಎಂದು ಮದ್ಯದ ಬಟ್ಟಲು ಎತ್ತುವಾಗ ಎಲ್ಲರ ಮುಂದೆ ಹೇಳಬೇಕು, ಈಗಲೇ ಹೇಳಿಟ್ಟಿದ್ದೇನೆ.

ಏಳನೆಯವ


ಯುನ್‌ಕೆಂಗ್, ೧೯೮೫ ಡಿಸೆಂಬರ್ ೨೨

ಏಳನೆಯವನಿಗೆ,

ಹೌ ಮೇಡಂ ಅವರ ವರದಿಯನ್ನು ಗಾನ್ ಮೇಷ್ಟ್ರು ಜಿಲ್ಲಾ ಕಚೇರಿಯಲ್ಲಿ ನೋಡಿ ಬಂದರು. ‘ತನ್ನನ್ನು ಹಂಗಿಸುವ ಪುಟವನ್ನೂ ಬಿಡದೆ ಕಲಿಸುವ ಮೇಷ್ಟ್ರು. ಇಂಥವರು ಮೇಷ್ಟ್ರುಗಳನ್ನು ತಯಾರು ಮಾಡಬೇಕು. ಕೂಡಲೇ ಕಳುಹಿಸಿ’ ಎಂದು ಬರೆದಿದ್ದರಂತೆ.

ಆಮೇಲೆ ಮೇಡಂ ಸಂಜೆಪತ್ರಿಕೆ ಓದಿದರು. ಊರಿನ ಹೆಸರಿಲ್ಲದಿದ್ದರೂ ಅವರು ಆ ತರಗತಿಯಲ್ಲೇ ಇದ್ದವರು. ಬಲಗೈ ಎಡಗೈಯ ಗುಟ್ಟು ನಮ್ಮ ತರಗತಿಯಲ್ಲೂ ಇತ್ತೆಂದು ಅವರಿಗೆ ತಿಳಿದದ್ದು ನಿನ್ನ ಲೇಖನದಿಂದ. ವರದಿ ಹಿಂದಕ್ಕೆ ಪಡೆದರು. ‘ವಂಚನೆ’ ಎಂದು ಒಂದೇ ಪದ ಬರೆದರು. ಅದಕ್ಕೆ ಒಂದೇ ಅರ್ಥ.

ಆ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಹೆಡ್‌ಮಾಸ್ಟರಿಗೆ ಜಿಲ್ಲೆಯಿಂದ ಛೀಮಾರಿಯಾಯಿತು. ಅವರು ನನ್ನನ್ನು ವಸಂತ ಹಬ್ಬದ ರಜೆಯಲ್ಲಿ ಹಾಸ್ಟೆಲ್ ಕಾಯಲು ಹಾಕಿದ್ದಾರೆ. ಹಾಗಾಗಿ ಈ ಸಲ ಬರುವುದಿಲ್ಲ. ಲಾನ್‌ಫೆನ್‌ಗೆ ರಸ್ತೆ ಕೆಟ್ಟಿದೆ ಎಂದು ಬರೆದಿದ್ದೇನೆ. ನೀನೂ ಹಾಗೆಯೇ ಹೇಳು.

ಎರಡನೆಯ ಮುದ್ರಣವಾದರೆ ಆರನೆಯ ವಾಕ್ಯ ತಿದ್ದಬೇಕು. ಡಲ್ ನೋವು ಎಂದರೆ ಸಣ್ಣ ನೋವು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಉಳಿದ ಐದು ಅರ್ಥಗಳಲ್ಲಿ ಏನೋ ಒಂದು ಕಡಿಮೆ, ಹೊಳಪೋ ಹರಿತವೋ. ಹಾಗಾಗಿ ಇಲ್ಲೂ ಕಡಿಮೆ ಎಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಚುಚ್ಚುವುದಿಲ್ಲ, ಅಷ್ಟೆ. ಆಳದಲ್ಲಿರುತ್ತದೆ, ಬಿಡುವುದಿಲ್ಲ. ಇಲ್ಲಿಯ ಡಾಕ್ಟರೂ ಇದೇ ತಪ್ಪು ಮಾಡಿದರು. “ಚುಚ್ಚುತ್ತಾ?” ಎಂದರು. “ಇಲ್ಲ” ಎಂದೆ. “ಹಾಗಾದ್ರೆ ಏನಿಲ್ಲ ಬಿಡಿ” ಎಂದು ಸೋಡಾ ಮಾತ್ರೆ ಕೊಟ್ಟರು.

ಇನ್ನು ಮುಂದೆ ವಿವರವಾಗಿ ಬರೆಯಲಾಗುವುದಿಲ್ಲ.

ಶೌರೆನ್


ಹಾಂಗ್‌ಝೌ, ೧೯೮೬ ಫೆಬ್ರವರಿ ೨೦

ಮೂರಣ್ಣನಿಗೆ,

ಮುನಿಸೇ? ಹೊಸ ವರ್ಷದ ಪತ್ರಕ್ಕೂ ಉತ್ತರವಿಲ್ಲ. ಒಂದು ಲೇಖನ ಇಷ್ಟು ದೂರ ಹೋಗುತ್ತದೆಂದು ಯಾರು ಕಂಡಿದ್ದರು? ಬರುವ ವರ್ಷ ಇನ್ನೊಂದು ಜಾಗ ಖಾಲಿಯಾಗುತ್ತದೆ, ಶೆಂಗ್ ಸರ್ ಹತ್ತಿರ ಮಾತಾಡುತ್ತೇನೆ. ಮಾತಾಡುವುದರಲ್ಲಿ ನನಗೇನು ಕಷ್ಟ?

ನಿನ್ನ ಸಂಸಾರವನ್ನು ನೋಡಲು ಹಬ್ಬದ ದಿನ ಹೋಗಿದ್ದೆ. ಬಾಗಿಲ ಸಂದಿಯಿಂದ ಸುಯಿಸುಯಿ ನೋಡಿದಳು. “ಅಮ್ಮ ಮನೇಲಿಲ್ಲ” ಎಂದಳು. ಒಳಗೆ ಬಾಣಲೆಯ ಸದ್ದು ಕೇಳುತ್ತಿತ್ತು.

ಈಗ ‘ಬ್ರೈಟ್’ ಎಂಬ ಪದ ಕೊಟ್ಟಿದ್ದಾರೆ. ಮಾದರಿ ಸಂಪಾದಕನಾದ ಮೇಲೆ ಎಲ್ಲರೂ ನನ್ನ ಮೇಜನ್ನೇ ನೋಡುತ್ತಿರುತ್ತಾರೆ. ಸುಲಭದ ಪದ. ದೀಪ, ಬಣ್ಣ, ಹುಡುಗ, ಭವಿಷ್ಯ. ನಿನಗೆ ಬಿಡುವಾದರೆ ಎರಡು ಸಾಲು ಬರೆ. ಒಲೆಯ ಬಗ್ಗೆ ಆದರೂ ಸರಿ. ಆ ಟ್ರಾಕ್ಟರು ಈಗ ಹೇಗಿದೆ? ಬಾತುಗಳು?

ಏಳನೆಯವ


ಹಾಂಗ್‌ಝೌ, ೧೯೮೬ ಏಪ್ರಿಲ್ ೧೧

ಮೂರಣ್ಣನಿಗೆ,

ಈ ಪತ್ರಕ್ಕೆ ಬಸ್ಸು ಬೇಡ, ಟ್ರಾಕ್ಟರು ಬೇಡ. ಆಸ್ಪತ್ರೆಯ ಕಾವಲುಗಾರನ ಕೈಯಲ್ಲಿ ಕೊಟ್ಟರೆ ಮೂರನೆಯ ಮಹಡಿಗೆ ಬರುತ್ತದೆ. ನನ್ನ ಕಚೇರಿಯಿಂದ ನಿನ್ನ ಮಂಚಕ್ಕೆ ಎರಡು ಬಸ್ ನಿಲ್ದಾಣ. ಆದರೂ ಬರೆಯುತ್ತಿದ್ದೇನೆ.

ನಿನ್ನೆ ಬಂದಿದ್ದೆ. ಯಕೃತ್ತಿನಲ್ಲಿ ಗೆಡ್ಡೆ, ತೆರೆದು ನೋಡಿ ಹಾಗೆಯೇ ಹೊಲಿದರು ಎಂದು ಲಾನ್‌ಫೆನ್ ಮೆಟ್ಟಿಲಲ್ಲಿ ಹೇಳಿದಳು. ನಿನಗೆ ಹೇಳಿಲ್ಲವಂತೆ. ನಿನಗೆ ಗೊತ್ತೆಂದು ನನಗೆ ಗೊತ್ತು. ಆರನೆಯ ವಾಕ್ಯ ತಿದ್ದಿದವನು ನೀನು. ಅವಳು ಬಯ್ಯಲಿಲ್ಲ. “ಒಳಗೆ ಹೋಗ್ತೀರಾದ್ರೆ ಹೋಗಿ. ತಮಾಷೆ ಮಾತ್ರ ಬೇಡ” ಎಂದಳು. ತಮಾಷೆ ಬೇಡವೆಂದರೆ ನನ್ನ ಹತ್ತಿರ ಬೇರೆ ಏನಿದೆ ಎಂದು ಯೋಚಿಸುತ್ತ ವಾರ್ಡಿನ ಬಾಗಿಲವರೆಗೆ ಬಂದೆ.

ಒಳಗೆ ನಗು ಕೇಳಿಸಿತು. ಒಬ್ಬಿಬ್ಬರದಲ್ಲ, ಇಡೀ ವಾರ್ಡಿನದು. ನರ್ಸ್ ನಿನ್ನನ್ನು, “ಎಲ್ಲಿಂದ ಬಂದ್ರಿ ಮೇಷ್ಟ್ರೇ?” ಎಂದು ಕೇಳಿದ್ದಳು. ನೀನು ಹೇಳುತ್ತಿದ್ದೆ: “ಹಾಂಗ್‌ಝೌಗೆ ವರ್ಗ ಆಗ್ಲಿ ಅಂತ ನಾನು ಏಳು ವರ್ಷ ಅರ್ಜಿ ಹಾಕ್ದೆ, ಆಗ್ಲಿಲ್ಲ. ನನ್ನ ಹೊಟ್ಟೆ ಒಂದೇ ಸಲ ಅರ್ಜಿ ಹಾಕ್ತು ನೋಡಿ, ಮಂಚದ ಸಮೇತ ಮಂಜೂರಾಯ್ತು.” ಹೊಲಿಗೆ ಹಾಕಿಸಿಕೊಂಡವರೆಲ್ಲ ಹೊಟ್ಟೆ ಹಿಡಿದುಕೊಂಡು, “ಸಾಕು ಮಾರಾಯ, ಬಿಚ್ಚಿಹೋಗುತ್ತೆ!” ಎಂದು ಬೇಡುತ್ತಿದ್ದರು. ಸುಯಿಸುಯಿಯ ದನಿ ಕೇಳಿಸಿತು: “ನಮ್ಮಪ್ಪ!” ಅಂಕಲ್ ಎನ್ನಲಿಲ್ಲ.

ನಾನು ಒಳಗೆ ಬರಲಿಲ್ಲ. ಬಾಗಿಲ ಹಿಂದೆಯೇ ನಿಂತು, ಸಿಗರೇಟ್ ಪ್ಯಾಕಿನ ಹಿಂಬದಿಗೆ ಆ ಮಾತನ್ನು ಬರೆದುಕೊಂಡೆ. ಅಕ್ಷರ ಬಿಡದೆ. ಕೈ ತಾನಾಗಿಯೇ ಹೋಯಿತು ಅಣ್ಣ. ಎಷ್ಟು ವರ್ಷದ ಅಭ್ಯಾಸ.

‘ಬೇಗ ಗುಣವಾಗು’ ಎಂದು ಬರೆಯಲು ಕುಳಿತೆ. ಹಿಂದೆಯಾದರೆ ಗುಣವಾಚಕವನ್ನು ಎಳೆದುತಂದು ಒಂದು ಚೇಷ್ಟೆ ಹೊರಡುತ್ತಿತ್ತು. ಹೊರಡಲಿಲ್ಲ. ‘ಬ್ರೈಟ್’ ಹಾಳೆ ಇನ್ನೂ ಖಾಲಿ ಇದೆ. ನಾಳೆ ಕೊಡಬೇಕು. ಶೆಂಗ್ ಸರ್ ನಿನ್ನೆ ನನ್ನ ಭುಜದ ಮೇಲಿಂದ ನೋಡಿ, “ಏನಯ್ಯಾ, ಚಹಾ ಇನ್ನೂ ಆರಿಲ್ವಾ?” ಎಂದರು. ನಿನಗೆ ಆಯಾಸವಿಲ್ಲದಿದ್ದರೆ ಒಂದೇ ಒಂದು ವಾಕ್ಯ ಹೇಳಿ ಕಳಿಸು, ಕಾವಲುಗಾರ ಕೆಳಗೆ ಕಾಯುತ್ತಾನೆ. ನಾಚಿಕೆಗೆಟ್ಟು ಕೇಳುತ್ತಿದ್ದೇನೆ.

ಇನ್ನೊಂದು ಇದೆ. ಹೋದ ವರ್ಷ ನೀನು ಹೆಸರು ಬದಲಿಸು ಎಂದಾಗ ಅಚ್ಚುಮೊಳೆ ಜೋಡಿಸಿರಲಿಲ್ಲ. ಫೋರ್‌ಮನ್ನನ ಕೆಂಪು ಮೂತಿ ನನ್ನ ಕಟ್ಟುಕತೆ. ಹಾಳೆ ನನ್ನ ಮೇಜಿನ ಮೇಲೆಯೇ ಇತ್ತು. ಬರಿಯ ಹೆಸರು ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ನೊಣ ನಿನ್ನದು, ಗುರುವಾರ ನಿನ್ನದು ಎಂದು ನೀನು ಬರೆದದ್ದು ಚುಚ್ಚಿತು. ಮೂಲಂಗಿ, ಕೋಟು, ಕೊಡೆ, ಬಾಟಲಿ ಕೂಡ ನಿನ್ನ ಹಳೆಯ ಪತ್ರಗಳವೇ ಎಂದು ನಿನಗೆ ನೆನಪಾಗುವ ಮೊದಲು ಆರನ್ನೂ ಕಿತ್ತು, ಸ್ವಂತ ತಲೆಯಿಂದ ಬೇರೆ ಬರೆದು ತೋರಿಸಬೇಕೆಂದು ಕುಳಿತೆ. ಮೂರು ವಾರ ಕುಳಿತೆ. ಕೊನೆಗೆ ಬಂದದ್ದು ಒಂದೇ ವಾಕ್ಯ: ‘ವಾಂಗನ ಚಾಕು ಡಲ್ ಆಗಿದೆ.’

ಅದನ್ನು ಹರಿದು, ನಿನ್ನ ಹಾಳೆಯನ್ನೇ ಅಚ್ಚಿಗೆ ಕಳಿಸಿದೆ.

ಜಿಂಗ್ಯಾವ್